ಕಾಲು ನಿಂತದ್ದು

ಕಾಲು ನಿಲ್ಲಿಸಬಾರದು, ಏನಾದರೂ ಆಗಲಿ ಕಾಲು ನಿಲ್ಲಿಸಬಾರದು ಎಂದು ಹಲ್ಲು ಕಚ್ಚಿಕೊಂಡೇ ರವೀಂದ್ರ ನೊಣವಿನಕೆರೆಯ ಏರಿಯಿಂದ ಇಳಿಜಾರಿಗೆ ಸೈಕಲ್ ಇಳಿಸಿದ. ಮುಂದೆ ಒಂದು ಟಿವಿಎಸ್ಸು, ಎರಡೂ ಬದಿಗೆ ಕಾಯಿ ನೇತುಹಾಕಿಕೊಂಡು, ತುಂಬಿದ ಬಸುರಿಯ ಹಾಗೆ ನಿಧಾನವಾಗಿ ನಡುರಸ್ತೆಯಲ್ಲಿ ಹೋಗುತ್ತಿತ್ತು. ಅವನ ಬೆರಳುಗಳು ತಾವಾಗಿಯೇ ಬ್ರೇಕು ಹುಡುಕಿದವು. ಹ್ಯಾಂಡಲ್ಲಿನ ಮೇಲೆ ಬರಿಯ ಟೇಪು. ಈ ಸೈಕಲ್ಲಿಗೆ ಬ್ರೇಕಿಲ್ಲ. ಫ್ರೀವೀಲೂ ಇಲ್ಲ. ಹಿಂದಿನ ಚಕ್ರ ತಿರುಗುವಷ್ಟು ಹೊತ್ತು ಪೆಡಲು ತಿರುಗುತ್ತದೆ, ಪೆಡಲಿಗೆ ಪಟ್ಟಿಯಿಂದ ಬಿಗಿದ ಪಾದವೂ ತಿರುಗಲೇಬೇಕು; ಸವಾರ ಸೈಕಲ್ಲನ್ನು ಓಡಿಸುತ್ತಿದ್ದಾನೋ, ಸೈಕಲ್ಲು ಸವಾರನನ್ನು ಓಡಿಸುತ್ತಿದೆಯೋ ಎಂಬುದು ಇಳಿಜಾರಿನಲ್ಲಿ ಗೊತ್ತಾಗುವುದಿಲ್ಲ. ವೆಲೋಡ್ರೋಮಿನ, ಸೈಕಲ್ ರೇಸಿಗೆಂದೇ ಕಟ್ಟಿದ ಅಂಕಣದ, ಸಿಮೆಂಟಿನ ಮೇಲೆ ಓಡಿಸಲೆಂದೇ ಗೆಳೆಯ ಗಯಾಜ್ ಕಟ್ಟಿಕೊಟ್ಟ ಸೈಕಲ್ಲು ಇದು, ರಸ್ತೆಗೆ ತರುವಂಥದ್ದಲ್ಲ. ಆದರೆ ನಾಡಿದ್ದು ಹೈದರಾಬಾದಿನಲ್ಲಿ ಐವತ್ತು ದಾಟಿದವರ ರೇಸು. ಅದಕ್ಕೆ ಮುಂಚೆ ಒಂದೇ ಒಂದು ಸಲ ತನ್ನ ಕಾಲುಗಳನ್ನು ನಂಬಬಹುದೇ ಎಂದು ಅವನು ನೋಡಬೇಕಾಗಿತ್ತು. ಟಿವಿಎಸ್ಸಿನ ಪಕ್ಕದಲ್ಲಿ ಒಂದು ಮೊಳ ಜಾಗವಿತ್ತು. ಅದರೊಳಕ್ಕೆ ತೂರಿದ. ಮೊಣಕಾಲಿಗೆ ಕಾಯಿ ಸವರಿತು, ಸೈಕಲ್ಲು ಒಮ್ಮೆ ಅದುರಿತು.

“ಯಾವನ್ಲಾ ಅವ್ನು? ಬೆಲ್ ಇಲ್ವೇನ್ಲಾ?” ಎಂದು ಹಿಂದಿನಿಂದ ಕೂಗು ಬಂತು. ಮರುಕ್ಷಣವೇ ಅದೇ ಗಂಟಲು ಮೆತ್ತಗಾಯಿತು: “ಓ, ಮೆಡಲ್ ಮೇಷ್ಟ್ರಾ! ಹೋಗಿ ಸಾ, ಹೋಗಿ!”

ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಇಳಿಜಾರು ಮುಗಿದು ರಸ್ತೆ ಸಪಾಟಾದಾಗ ಕಾಲುಗಳ ವೇಗ ತಾನಾಗಿ ತಗ್ಗಿತು. ಎಡತೊಡೆ ಮಾತ್ರ ನಡುಗುತ್ತಲೇ ಇತ್ತು. ನಡುಗಿದ್ದು ಈಗಿನ ಹೆದರಿಕೆಗಲ್ಲ. ಆ ತೊಡೆಗೆ ನಿಲ್ಲಬೇಕೆನ್ನಿಸಿತ್ತು, ಅವನು ಬಿಟ್ಟಿರಲಿಲ್ಲ, ಅದಕ್ಕೆ. ಹನ್ನೆರಡು ವರ್ಷದವನಿದ್ದಾಗ ಬಿಳಿಗೆರೆಯ ಏರಿಯ ಮೇಲೆ ಅಪ್ಪ ಕಲಿಸಿದ್ದು ಇದನ್ನೇ. ಸೈಕಲ್ಲಿನ ಹಿಂದೆ ಮುಂದೆ ಜೋಡಿಗಾಯಿ ಕಟ್ಟಿ, ತೋಟದಿಂದ ಊರಿಗೆ ತರುವಾಗ, ಏರಿಯ ತಿರುವಿನಲ್ಲಿ ಭಾರ ಒಂದು ಕಡೆಗೆ ಎಳೆಯುತ್ತದೆ, ಆಗ ತುಳಿಯಬಾರದು. ತುಳಿಯುವುದನ್ನು ನಿಲ್ಲಿಸಿ, ಎಡಗಾಲನ್ನು ಪೆಡಲಿನಿಂದ ತೆಗೆದು ಗಾಳಿಯಲ್ಲಿ ಹಿಡಿದಿರಬೇಕು, ಯಾವಾಗ ಬೇಕಾದರೂ ನೆಗೆಯುವ ಹಾಗೆ. “ಹೆದ್ರಿಕೆ ಆಯ್ತಾ, ಕಾಲು ಬುಟ್ಬುಡು. ಸೈಕಲ್ ಕೆರೇಗೆ ಹೋದ್ರೆ ಹೋಗ್ಲಿ, ನೀನು ಉಳ್ಕಾ,” ಎನ್ನುತ್ತಿದ್ದ ಅಪ್ಪ. ಈ ಸೀಮೆಯಲ್ಲಿ ಕಾಯಿ ಹೊತ್ತು ಸೈಕಲ್ ಕಲಿತವರೆಲ್ಲರ ಎಡಗಾಲಿಗೂ ಈ ಬುದ್ಧಿ ಇದೆ. ನಲವತ್ತು ವರ್ಷವಾದರೂ ಅದು ಹೋಗುವುದಿಲ್ಲ. ಮನೆಯಲ್ಲಿ ಊಟಕ್ಕೆ ಕೂತಾಗ ಮೇಜಿನ ಕೆಳಗೆ ಅವನ ಕಾಲು ಗುಂಡಗೆ ತಿರುಗುತ್ತಿರುತ್ತದೆ, ತಿರುಗುವುದನ್ನು ಅಭ್ಯಾಸ ಮಾಡುತ್ತಿರುತ್ತದೆ. “ಅದೇನ್ರೀ ಅದು, ಹೊಲಿಗೆ ಮೆಷಿನ್ ತುಳ್ದಂಗೆ,” ಎಂದು ಅನಿತಾ ನಗುತ್ತಾಳೆ. ನಗಲಿ ಎಂದು ಅವನು ಇನ್ನಷ್ಟು ಜೋರಾಗಿ ತಿರುಗಿಸುತ್ತಾನೆ. ಮೈಯೊಳಗೆ ಕೂತ ಹನ್ನೆರಡು ವರ್ಷದ ಹುಡುಗನ ಹೆದರಿಕೆಯೊಂದನ್ನು ತುಳಿದು ತುಳಿದು ಕೊಲ್ಲುತ್ತಿದ್ದೇನೆ ಎಂದು ಹೆಂಡತಿಗೆ ಹೇಗೆ ಹೇಳುವುದು?

ಹೈದರಾಬಾದಿನ ವೆಲೋಡ್ರೋಮನ್ನು ಮೊದಲ ಸಲ ಕಂಡಾಗ ಗಯಾಜ್ “ಇದು ಒಣಗಿದ್ ಕೆರೆ ಕಣ್ಲಾ” ಎಂದಿದ್ದ. ಹಾಗೆಯೇ ಇತ್ತು. ನೀರಿಲ್ಲದ ದುಂಡನೆಯ ಕೆರೆ, ಸುತ್ತ ಸಿಮೆಂಟಿನ ಏರಿ. ಆ ಏರಿಯ ಒಳಮೈ ಮೇಲೆ, ಗೋಡೆಗೆ ಹಲ್ಲಿ ಅಂಟಿಕೊಂಡ ಹಾಗೆ, ಸೈಕಲ್ಲು ಓಡಬೇಕು. ಜೋರಾಗಿ ಹೋದರೆ ಮಾತ್ರ ಅಂಟಿಕೊಂಡಿರುತ್ತೀಯ, ನಿಧಾನ ಮಾಡಿದರೆ ಜಾರಿ ಬೀಳುತ್ತೀಯ ಎಂದು ಅಲ್ಲಿನವನೊಬ್ಬ ಹೇಳಿಕೊಟ್ಟಿದ್ದ. ಹೆದರಿಕೆಯಾದರೆ ನಿಧಾನ ಮಾಡುವುದು ಲೋಕದ ನಿಯಮ. ಇಲ್ಲಿ ಹೆದರಿಕೆಯಾದರೆ ಇನ್ನೂ ಜೋರಾಗಿ ತುಳಿಯಬೇಕು. ಹೋದ ವರ್ಷ ಡಿಸೆಂಬರಿನಲ್ಲಿ ಹತ್ತು ಸುತ್ತಿನ ರೇಸು. ಐದು ಜನ. ಹೊರಡುವಾಗ ಒಬ್ಬೊಬ್ಬ ಸವಾರನ ಸೀಟನ್ನೂ ಹಿಂದಿನಿಂದ ಒಬ್ಬರು ಹಿಡಿದು ನಿಲ್ಲಬೇಕು, ಯಾಕೆಂದರೆ ಪಾದಗಳು ಆಗಲೇ ಪೆಡಲಿಗೆ ಕಟ್ಟಿಹೋಗಿರುತ್ತವೆ. ಅವನ ಸೀಟನ್ನು ಯಾರೋ ಅಪರಿಚಿತ ಹಿಡಿದಿದ್ದ. ಆ ಕೈ ಬೆವತಿತ್ತು, ಅಥವಾ ತನ್ನ ಬೆನ್ನೇ ಬೆವತಿತ್ತು. ಪಕ್ಕದಲ್ಲಿ ಗಯಾಜ್. ಹೈಸ್ಕೂಲಿನಲ್ಲಿ ಒಂದೇ ಬೆಂಚು, ಈಗ ಒಂದೇ ರೇಸು. ಗಯಾಜ್‌ನದು ಜಾಣತನದ ಓಟ, ಕಳ್ಳ ಓಟ ಎಂದರೂ ಸರಿಯೇ: ಒಂಬತ್ತು ಸುತ್ತೂ ಮುಂದಿನವನ ಬೆನ್ನಿಗೆ ಅಂಟಿಕೊಂಡು ಗಾಳಿಯೆಲ್ಲ ಅವನಿಗೆ ಬಿಟ್ಟು, ಕೊನೆಯ ತಿರುವಿನಲ್ಲಿ ಬಲಗಡೆಯಿಂದ ಹಾರಿ ಹೋಗುವುದು. ಅಭ್ಯಾಸದಲ್ಲಿ ನೂರು ಸಲ ಹಾಗೆ ಮಾಡಿ, ತಿರುಗಿ ನೋಡಿ ಹಲ್ಲು ಕಿರಿದಿದ್ದ. ಅವತ್ತೂ ಕೊನೆಯ ಸುತ್ತಿನಲ್ಲಿ, ಎರಡನೆಯ ತಿರುವಿನಲ್ಲಿ, ರವೀಂದ್ರನ ಬಲಗಡೆ ಸಿಮೆಂಟಿನ ಮೇಲೆ ಒಂದು ನೆರಳು ಮೂಡಿತು. ನೆರಳು ಅಷ್ಟೇ. ಗಯಾಜ್ ಬಂದ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದು ತಲೆಗೆ, ಕಾಲಿಗೆ ಗೊತ್ತಾದದ್ದು ಬೇರೆ. ಎಡಗಾಲು ನಿಂತಿತು.

ಕಣ್ಣು ಮಿಟುಕಿಸುವಷ್ಟು ಹೊತ್ತು. ಸೈಕಲ್ಲು ಅವನನ್ನು ಮೇಲಕ್ಕೆ ಎಗರಿಸಿತು, ಮೊಣಕಾಲು ಕಿತ್ತುಬಂದ ಹಾಗಾಯಿತು, ಮತ್ತೆ ಕಾಲು ತಿರುಗತೊಡಗಿತು. ಅಷ್ಟರಲ್ಲಿ ಹಿಂದೆ ಚಕ್ರಕ್ಕೆ ಚಕ್ರ ತಾಗಿದ ಸದ್ದು, ಆಮೇಲೆ ತಗಡಿನ ಮೇಲೆ ಮೂಟೆ ಎಳೆದ ಹಾಗೆ ಉದ್ದನೆಯ ಸದ್ದು. ಅವನು ತಿರುಗಿ ನೋಡಲಿಲ್ಲ. ಗೆರೆ ದಾಟಿದಾಗ ಎರಡನೆಯವನಾಗಿದ್ದ. ದಾಟಿದ ಮೇಲೂ ನಿಲ್ಲುವಂತಿಲ್ಲವಲ್ಲ, ಬ್ರೇಕಿಲ್ಲ. ವೇಗ ತಾನಾಗಿ ಇಳಿಯುವವರೆಗೆ ಸುತ್ತಬೇಕು. ಹಾಗೆ ಸುತ್ತುತ್ತ, ಬಿದ್ದ ಗೆಳೆಯನ ಪಕ್ಕದಲ್ಲೇ ಮೂರು ಸಲ ಹಾದುಹೋದ. ಮೊದಲ ಸಲ ಗಯಾಜ್ ಮಗ್ಗುಲಾಗಿ ಬಿದ್ದಿದ್ದ. ಎರಡನೆಯ ಸಲ ಇಬ್ಬರು ಅವನ ಮೇಲೆ ಬಗ್ಗಿದ್ದರು. ಮೂರನೆಯ ಸಲ ಗಯಾಜ್ ಎದ್ದು ಕೂತಿದ್ದ, ಹೆಗಲು ಒಂದು ವಿಚಿತ್ರ ಜಾಗದಲ್ಲಿತ್ತು, ಕಣ್ಣು ನೇರವಾಗಿ ಇವನ ಮೇಲಿತ್ತು. ಆ ಕಣ್ಣಿನ ಎದುರು ಇವನ ಕಾಲುಗಳು ಎಷ್ಟು ಚೆನ್ನಾಗಿ, ಎಷ್ಟು ವಿಧೇಯವಾಗಿ ತಿರುಗುತ್ತಿದ್ದವು! ಇಳಿದಾಗ ಬಿಳಿ ಟೋಪಿಯ ಅಧಿಕಾರಿಯೊಬ್ಬ ಕೈಯಲ್ಲಿ ಹಾಳೆ ಹಿಡಿದು ಬಂದ. ಬಿದ್ದ ಸೈಕಲ್ಲಿನ ಚೈನು ಕಳಚಿ ನೇತಾಡುತ್ತಿತ್ತು. “ಚೈನ್?” ಎಂದು ಕೇಳಿದ. ರವೀಂದ್ರ ಹೌದೆಂದು ತಲೆ ಆಡಿಸಿದ. ಹೇಳಿದ್ದೇನೂ ಇಲ್ಲ. ಒಂದು ಸಲ ತಲೆ ಆಡಿಸಿದ್ದು ಅಷ್ಟೇ. ಊರಿಗೆ ಬಂದು ಬಸ್ಸಿಳಿದಾಗ ನಿಲ್ದಾಣದಲ್ಲೇ ಯಾರೋ ಗಯಾಜ್‌ನ ಕೈ ಕೊರಳಿಗೆ ಕಟ್ಟಿದ್ದನ್ನು ನೋಡಿ ಏನಾಯ್ತು ಎಂದರು. “ಚೈನು,” ಎಂದ ರವೀಂದ್ರ. ಪಕ್ಕದಲ್ಲೇ ಇದ್ದ ಗಯಾಜ್ ಅವನನ್ನು ನೋಡಿದ, ಚೀಲ ಎತ್ತಿಕೊಂಡು ನಡೆದ. ತಲೆಗೂ ಪೆಟ್ಟಾಗಿತ್ತು, ನೆನಪಿರಲಾರದು ಎಂದು ರವೀಂದ್ರ ಅಂದುಕೊಂಡ. ಅಂದುಕೊಂಡು ಹನ್ನೊಂದು ತಿಂಗಳಾಗಿತ್ತು. ಈ ಹನ್ನೊಂದು ತಿಂಗಳಲ್ಲಿ ಒಂದು ದಿನವೂ ಅದನ್ನು ಅವನು ನಂಬಿರಲಿಲ್ಲ.

ತಿಪಟೂರಿನ ಬಸ್ ನಿಲ್ದಾಣದ ಎದುರು, ಬಿಸಿಲಿಗೆ ಬಣ್ಣ ಹೋದ ಫ್ಲೆಕ್ಸಿನಲ್ಲಿ ಅವನೇ ನಗುತ್ತಿದ್ದ. ಕೊರಳಲ್ಲಿ ಬೆಳ್ಳಿ ಮೆಡಲು, ಹೆಗಲ ಮೇಲೆ ಶಾಲು. ಸೈಕಲ್ಲಿನಿಂದಿಳಿದು ಅದರ ಕೆಳಗೆ ತಲೆ ತಗ್ಗಿಸಿ ತಳ್ಳಿಕೊಂಡು ಹೋದ. ಈ ಸಲ ಹೋಗುವುದೇ ಬೇಡ ಎಂದು ಎಷ್ಟೋ ಸಲ ಅಂದುಕೊಂಡದ್ದುಂಟು. ಹೋಗದಿದ್ದರೆ ಯಾಕೆ ಎಂದು ಕೇಳುತ್ತಾರೆ. ಹೋಗಿ, ನೆಟ್ಟಗೆ ಓಡಿ, ಒಂದು ಮೆಡಲು ತಂದುಬಿಟ್ಟರೆ ಹಳೆಯದೂ ತೊಳೆದುಹೋದೀತು ಎಂಬ ಆಸೆಯೂ ಇತ್ತು. ಆದರೆ ಕಾಲು? ಆ ಏರಿಯ ಮೇಲೆ, ಬಲಗಡೆ ಇನ್ನೊಂದು ನೆರಳು ಮೂಡಿದಾಗ?

ಗಯಾಜ್‌ನ ರಿಪೇರಿ ಅಂಗಡಿ ಕೊಬ್ಬರಿ ಮಂಡಿಗೆ ಹೋಗುವ ದಾರಿಯಲ್ಲಿ. ಮೊದಲು ಅಂಗಡಿಯ ಮುಂದೆ ಟಿವಿಎಸ್ಸುಗಳು ರಸ್ತೆಗೆ ಬರುವಷ್ಟು ನಿಂತಿರುತ್ತಿದ್ದವು. ತನ್ನ ಚೈನೇ ನೆಟ್ಟಗೆ ಹಾಕಿಕೊಳ್ಳಲು ಬಾರದವನು ನಮ್ಮ ಗಾಡಿ ಏನು ಮಾಡುತ್ತಾನೆ ಎಂಬ ಮಾತು ಮೊದಲು ನಗೆಯಾಗಿ ಹುಟ್ಟಿತು, ಆಮೇಲೆ ಮಾತಾಗಿಯೇ ಉಳಿಯಿತು. ಈಗ ಅಂಗಡಿಯ ಅರ್ಧಕ್ಕೆ ಹೂವಿನ ಪರದೆ ಕಟ್ಟಿದೆ. ಪರದೆಯಾಚೆ ಗಯಾಜ್‌ನ ಹೆಂಡತಿ ರಹಮತುನ್ನೀಸಾ ಬ್ಲೌಸು ಹೊಲಿಯುತ್ತಾಳೆ. ಅವಳು ಕಾಣುವುದಿಲ್ಲ, ಮೆಷಿನ್ನಿನ ಸದ್ದು ಮಾತ್ರ.

“ಬಾರಪ್ಪ ಮೆಡ್ಲು,” ಎಂದ ಗಯಾಜ್. ತುದಿಗೆ ಕೊಕ್ಕೆಯಿದ್ದ ಕೋಲಿನಿಂದ ಮೇಲಿನ ಮೊಳೆಯಲ್ಲಿದ್ದ ಟ್ಯೂಬೊಂದನ್ನು ಇಳಿಸುತ್ತಿದ್ದ. ಅವನ ಬಲಗೈ ಈಗ ಹೆಗಲಿಂದ ಮೇಲಕ್ಕೆ ಏಳುವುದಿಲ್ಲ. “ರೋಡ್ ಮ್ಯಾಕೆ ತಂದ್ಯಾ ಇದನ್ನ? ಸಾಯಾಕೆ ಬ್ಯಾರೆ ಜಾಗ ಸಿಗ್ಲಿಲ್ವಾ?”

“ನೊಣವಿನಕೆರೆ ತಂಕ ಹೋಗಿದ್ದೆ. ಕಾಲು ಹೆಂಗವೆ ನೋಡಾಣ ಅಂತ.”

“ಏನಂತವೆ ಕಾಲು?”

ರವೀಂದ್ರ ಸೈಕಲ್ಲನ್ನು ಗೋಡೆಗೆ ಒರಗಿಸುತ್ತಿದ್ದಾಗ, ಬೆಂಚಿನ ಮೇಲೆ ಕೂತಿದ್ದ ಮುದುಕ ನಕ್ಕ. ಕಿಬ್ಬನಹಳ್ಳಿಯ ಶ್ರೀರಂಗಯ್ಯ, ದೊಡ್ಡ ತೋಟದವರು. ಹೋದ ವರ್ಷ ಶಾಲು ಹೊದಿಸಿದ್ದು ಇವರೇ. ಅವರ ಟಿವಿಎಸ್ಸಿಗೆ ಗಯಾಜ್ ಪಂಪು ಹಚ್ಚಿದ.

“ಗಾಳಿ ಒಂದೇ ಕಣ್ರೀ ಸಾಬ್ರೇ,” ಎಂದರು ಶ್ರೀರಂಗಯ್ಯ. “ಚೈನ್ ಮಾತ್ರ ಮುಟ್ಬ್ಯಾಡಿ. ಅದನ್ನ ಬ್ಯಾರೆ ಕಡೆ ಮಾಡಿಸ್ಕಂಡಿವ್ನಿ.”

“ಮುಟ್ಟಲ್ಲ ಬುಡಿ ಯಜಮಾನ್ರೆ. ಗಾಳೀಗೆ ಚೈನ್ ಇರಲ್ಲ.”

“ನೋಡಿ ಮೇಷ್ಟ್ರೇ, ಮಾತಿಗೇನ್ ಕಮ್ಮಿ ಇಲ್ಲ!” ಶ್ರೀರಂಗಯ್ಯ ಗಾಡಿಯ ಚೀಲದಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ ಮುಖ ಹುಳ್ಳಗೆ ಮಾಡಿದರು. “ಅಟ್ಟಕ್ಕೆ ಏರಿಸಿ ಹನ್ನೊಂದು ತಿಂಗ್ಳಾಯ್ತು. ಇನ್ನೂ ಬುಟ್ಟಿಲ್ಲ ನನ್ಮಗಂದು, ಕರಟ ಕಚ್ಕಂಡು ಕೂತೈತೆ.” ಇಲ್ಲಿ ಕೊಬ್ಬರಿಯಾಗುವುದೇ ಹಾಗೆ. ಇಡೀ ಕಾಯನ್ನು ಅಟ್ಟದ ಮೇಲೆ ಒಂದು ವರ್ಷ ಹಾಕಿ ಮರೆತುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಮೊದಲೇ ಒಡೆದರೆ ಕೆಟ್ಟಿತು. “ಈ ಸಲ ಚಿನ್ನಾನೇ ತರ್ಬೇಕು ನೀವು. ಶಾಲು ತಂದು ಮಡಗಿವ್ನಿ. ಒಂದ್ಮಾತು ಹೇಳ್ತೀನಿ, ತಪ್ಪು ತಿಳ್ಕಬ್ಯಾಡಿ. ಹೊರಡಾಕ್ ಮುಂಚೆ ನೆಟ್ಟುಗಿಟ್ಟು ನೀವೇ ಒಂದ್ಸಲ ನೋಡ್ಕಂಬುಡಿ.”

ರವೀಂದ್ರ ನಕ್ಕ. ನಗಬಾರದಿತ್ತು. ನಗು ಬಾಯಿಂದ ಬಿದ್ದುಹೋದ ಮೇಲೆ ಅದನ್ನು ನೋಡುತ್ತ ನಿಂತ.

“ಅವ್ನ್ಯಾಕ್ ನೋಡ್ಕಂತಾನೆ?” ಎಂದ ಗಯಾಜ್, ಪಂಪು ಒತ್ತುತ್ತ, ಎಡಗೈಯಿಂದ. “ನಂಬ್ಕೆ ಅಂತ ಒಂದೈತಲ್ಲ ಯಜಮಾನ್ರೆ.”

ಶ್ರೀರಂಗಯ್ಯ ಗಾಡಿ ಅಲ್ಲೇ ಬಿಟ್ಟು ಎದುರಿನ ಹೋಟೆಲಿಗೆ ಟೀ ಕುಡಿಯಲು ಹೋದರು. ಗಯಾಜ್ ರೇಸಿನ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿ, ಹಿಂದಿನ ಚಕ್ರವನ್ನು ಒಮ್ಮೆ ತಿರುಗಿಸಿ ಕಿವಿಗೊಟ್ಟು ಕೇಳಿದ. ಪೆಡಲುಗಳು ಯಾರೂ ಇಲ್ಲದೆ ಗಾಳಿಯಲ್ಲಿ ತುಳಿದವು. ನೆಟ್ಟುಗಳನ್ನು ಬಿಚ್ಚಿ, ಚಕ್ರವನ್ನು ಕೂದಲೆಳೆಯಷ್ಟು ಹಿಂದಕ್ಕೆಳೆದು, ಚೈನನ್ನು ಹೆಬ್ಬೆರಳಿನಿಂದ ಒತ್ತಿ, ಮತ್ತೆ ಬಿಗಿದ. ನೆಟ್ಟನ್ನು ಕೊನೆಯ ಕಾಲು ಸುತ್ತು ತಿರುಗಿಸಲು ಬಲಗೈಯನ್ನೇ ಹಾಕಬೇಕಾಯಿತು. ಆಗ ಅವನ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಎಣ್ಣೆಗೈ ತೊಳೆಯಲು ಪರದೆ ಸರಿಸಿ ಹಿತ್ತಲಿಗೆ ಹೋದ.

ರವೀಂದ್ರ ಒಬ್ಬನೇ ಆದ. ನೆಟ್ಟು ಬಿಗಿಯಾಗಿರುತ್ತದೆ ಎಂದು ಅವನಿಗೆ ಗೊತ್ತಿತ್ತು. ಗಯಾಜ್‌ನ ಚೈನು ಎಂದೂ ತಾನಾಗಿ ಕಳಚಿರಲಿಲ್ಲ ಎಂದು ಈ ಊರಿನಲ್ಲಿ ಖಚಿತವಾಗಿ ಬಲ್ಲವನು ಅವನೊಬ್ಬನೇ. ಆದರೆ ಆ ಸೊಟ್ಟ ಬಾಯಿ. ಕೊನೆಯ ಕಾಲು ಸುತ್ತು ಪೂರ್ತಿ ಆಗಿತ್ತೇ? ನೋವಿಗೆ ಬಿಟ್ಟಿದ್ದರೆ? ಬೇಕೆಂದೇ ಬಿಟ್ಟಿದ್ದರೆ? ಹನ್ನೊಂದು ತಿಂಗಳು ಮೆಡ್ಲು ಎಂದು ಕರೆದು ನಗುತ್ತಿರುವವನ ಹೊಟ್ಟೆಯೊಳಗೆ ಏನಿದೆ? ಏರಿಯ ನೆತ್ತಿಯಲ್ಲಿ, ಪೂರ್ತಿ ವೇಗದಲ್ಲಿ, ಚಕ್ರ ಜಾರಿ ಚೈನು ಬಿಚ್ಚಿಕೊಳ್ಳುವುದು ಅವನಿಗೆ ಕಾಣಿಸಿತು. ತಗಡಿನ ಮೇಲೆ ಮೂಟೆ ಎಳೆದ ಸದ್ದು ಕೇಳಿಸಿತು, ಈ ಸಲ ತನ್ನದೇ ಮೈಯೊಳಗಿಂದ. ಬಾಗಿಲ ಕಡೆ ನೋಡಿ, ಸ್ಪ್ಯಾನರ್ ತೆಗೆದು, ಮಂಡಿಯೂರಿ ಎಡಗಡೆಯ ನೆಟ್ಟಿಗೆ ಹಾಕಿದ. ಅಲ್ಲಾಡಲಿಲ್ಲ. ಬಲಗಡೆಯದಕ್ಕೆ ಹಾಕಿದ. ಅಲ್ಲಾಡಲಿಲ್ಲ. ಬಂಡೆಗೆ ಹಾಕಿದ ಹಾಗಿತ್ತು. ಸಮಾಧಾನವಾಗಬೇಕಿತ್ತು, ಆಗದೆ ಮೈಭಾರವನ್ನೆಲ್ಲ ಬಿಟ್ಟು ಒತ್ತಿದ. ಸ್ಪ್ಯಾನರ್ ಜಾರಿ ಬೆರಳಿನ ಗೆಣ್ಣು ಚಕ್ರದ ಕಡ್ಡಿಗೆ ಬಡಿದು ಸಿಪ್ಪೆ ಎದ್ದಿತು.

“ಸಾಕಾ? ಉದ್ದದ್ದು ಕೊಡ್ಲಾ?” ಗಯಾಜ್ ಪರದೆಯ ಪಕ್ಕದಲ್ಲಿ ನಿಂತು ಬಟ್ಟೆಯ ಚೂರಿಗೆ ಕೈ ಒರೆಸಿಕೊಳ್ಳುತ್ತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

ಏಳಲು ಆಗಲಿಲ್ಲ. ಮಂಡಿಯ ಮೇಲೆಯೇ ಇದ್ದು, ಗೆಣ್ಣಿನ ರಕ್ತ ಚೀಪುತ್ತ, ಅವನು ಬಾಯಿ ತೆರೆದ. “ಗಯಾಜ್. ಅವತ್ತು ಚೈನ್ ಬಿಚ್ಕಂಡಿದ್ದಲ್ಲ ಕಣಪ್ಪ. ನೆರಳು ಕಂಡ್ತು. ನಾನು ಕಾಲು ನಿಲ್ಲಿಸ್ಬುಟ್ಟೆ.”

ಪರದೆಯಾಚೆ ಹೊಲಿಗೆ ಮೆಷಿನ್ ನಿಂತಿತು.

“ಗೊತ್ತು,” ಎಂದ ಗಯಾಜ್.

“ಗೊತ್ತಾ?”

“ಹಿಂದ್ಗಡೆ ಇದ್ದೋನು ನಾನು ಕಣ್ಲಾ. ಅವತ್ತು ರೇಸ್ ಪೂರ್ತಿ ನಿನ್ ಹಿಮ್ಡಿ ಬುಟ್ರೆ ಇನ್ನೇನೂ ನೋಡಿಲ್ಲ ನಾನು. ಹಿಮ್ಡಿ ನಿಂತಿದ್ದು ಕಾಣಕಿಲ್ವಾ?”

“ಮತ್ಯಾಕೆ ಹೇಳ್ಲಿಲ್ಲ?”

“ಯಾರ್ಗೆ ಹೇಳ್ಲಿ? ಬಿದ್ದೋನು ಏನಾರ ಒಂದು ಹೇಳೇ ಹೇಳ್ತಾನೆ ಅಂತಿದ್ರು. ಶಾಲು ಹೊದ್ಕಂಡೋನು ಹೇಳಿದ್ರೆ ಮಾತು.” ಗಯಾಜ್ ಬಟ್ಟೆಯ ಚೂರನ್ನು ಮಡಿಸಿದ, ಮತ್ತೆ ಬಿಚ್ಚಿದ. “ಕಾದೆ. ದಿನಾ ಅಲ್ಲಾಡ್ಸಿ ನೋಡ್ದೆ ನಿನ್ನ. ಮೆಡ್ಲು ಅಂದೆ. ನೀನು ಹಲ್ಲು ಬುಟ್ಕಂಡು ನಗ್ತಿದ್ದೆ. ಇನ್ನೂ ಕಚ್ಕಂಡೈತೆ ಬುಡು ಅಂತ ಸುಮ್ಕಾಗ್ತಿದ್ದೆ.”

ರವೀಂದ್ರನಿಗೆ ಅಳು ಬಂತು. ಅದರ ಜೊತೆಗೇ, ನಾಚಿಕೆಯಾಗುವಷ್ಟು ಮನಸ್ಸು ಹಗುರವೂ ಆಯಿತು. ಮುಗಿಯಿತು. ಹೇಳಿಯಾಯಿತು. ಎಡತೊಡೆ ನಡುಗುತ್ತಿಲ್ಲ ಎಂಬುದನ್ನು ಗಮನಿಸಿದ. ಇನ್ನು ಆ ಏರಿಯ ಮೇಲೆ ನೆರಳು ಬಂದರೆ ಬರಲಿ, ಬರಿಯ ನೆರಳಷ್ಟೇ. ಸಂಜೆಯ ಬಸ್ಸು, ಬೆಂಗಳೂರು, ಅಲ್ಲಿಂದ ಹೈದರಾಬಾದು, ಎಲ್ಲವೂ ನೆಟ್ಟಗೆ ಉದ್ದಕ್ಕೆ ಮಲಗಿದ ಹಾಗೆ ಕಂಡಿತು. “ತಪ್ಪಾಯ್ತು ಕಣೋ,” ಎಂದು ಎದ್ದು ನಿಂತು ಗೆಳೆಯನ ಒಳ್ಳೆಯ ಹೆಗಲಿಗೆ ಕೈ ಚಾಚಿದ.

ಗಯಾಜ್ ಹೆಗಲು ಕೊಡಲಿಲ್ಲ. “ನಂಗ್ ಗೊತ್ತಿರೋದ್ನೇ ನಂಗ್ ಹೇಳಿ ಬಸ್ ಹತ್ತೀಯಾ?” ಎಂದ. ಜೋರಾಗಿ ಅಲ್ಲ. ರಸ್ತೆಯಾಚೆ ನೋಡಿದ. ಹೋಟೆಲಿನ ಹೊರಬೆಂಚಿನ ಮೇಲೆ ಶ್ರೀರಂಗಯ್ಯ ಟೀಯನ್ನು ತಟ್ಟೆಗೆ ಸುರಿದುಕೊಂಡು ಊದುತ್ತಿದ್ದರು. ಪಕ್ಕದಲ್ಲಿ ಮಂಡಿಯವರು ಮೂರ್ನಾಲ್ಕು ಜನ. “ಬಾ. ನೀನೇನೂ ಹೇಳ್ಬ್ಯಾಡ. ನಾನೇ ಹೇಳ್ತೀನಿ, ನಗ್ತಾ ಹೇಳ್ತೀನಿ, ನಿಂಗೂ ಹೆಚ್ಗೆ ನೋವಾಗ್ದಂಗೆ. ಪಕ್ಕದಾಗೆ ನಿಂತ್ಕಂಡು ನೀನು ತಲೆ ಆಡ್ಸು, ಸಾಕು. ಅಲ್ಲಿ ಆ ಬಿಳಿ ಟೋಪಿಯೋನಿಗೆ ಆಡ್ಸಿದ್ಯಲ್ಲ, ಹಂಗೆ.” ಬೇರೆ ದನಿಯಲ್ಲಿ, “ಆಮ್ಯಾಕೆ ನಾನೂ ಬತ್ತೀನಿ ಹೈದ್ರಾಬಾದಿಗೆ. ಹೊರಡೋವಾಗ ನಿನ್ ಸೀಟು ನಾನೇ ಹಿಡ್ಕಂತೀನಿ. ಎಡಗೈ ಐತಲ್ಲ,” ಎಂದ.

ಗಯಾಜ್ ಅದನ್ನೂ ನೋಡಿದ್ದ. ಹೆಗಲು ಮುರಿದುಕೊಂಡು ಕೂತು, ಅಷ್ಟು ದೂರದಿಂದ ಇವನು ತಲೆ ಆಡಿಸಿದ್ದನ್ನೂ ನೋಡಿದ್ದ. ರವೀಂದ್ರ ರಸ್ತೆಯನ್ನು ನೋಡಿದ. ಹದಿನೈದು ಹೆಜ್ಜೆಯೂ ಇಲ್ಲ. ಬೆನ್ನ ಹಿಂದೆ ಗಯಾಜ್‌ನ ಕೈ ಸೀಟು ಹಿಡಿದಿದ್ದರೆ ಹೇಗಿರುತ್ತದೆ ಎಂಬುದು ಅವನ ಬೆನ್ನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಈ ಭೂಮಿಯ ಮೇಲೆ ಅವನಿಗೆ ಬೇಕಾದ್ದು ಬೇರೊಂದಿರಲಿಲ್ಲ. ಪರದೆಯ ಹೂವುಗಳು ಅಲ್ಲಾಡದೆ ಕಾಯುತ್ತಿದ್ದವು. ಶ್ರೀರಂಗಯ್ಯ ತಟ್ಟೆಯಿಂದ ಮುಖವೆತ್ತಿ ಇತ್ತ ನೋಡಿ, “ಆಯ್ತೇನ್ರೀ ಮೇಷ್ಟ್ರೇ, ನೆಟ್ಟು ನೋಡ್ಕಂಡ್ರಾ?” ಎಂದು ಕೂಗಿದರು. ಮಂಡಿಯವರು ನಕ್ಕರು, ಎಲ್ಲರೂ ಒಟ್ಟಿಗೆ ತಿರುಗಿದರು. ಗಯಾಜ್ ಆಗಲೇ ರಸ್ತೆಗಿಳಿದು, ಎರಡು ಹೆಜ್ಜೆ ಹೋಗಿ, ತಿರುಗಿ ನಿಂತು ಕಾಯುತ್ತಿದ್ದ. ಅವನ ನೆರಳು ಹೊಸ್ತಿಲವರೆಗೂ ಬಂದು ರವೀಂದ್ರನ ಬಲಗಡೆ ಬಿದ್ದಿತ್ತು. ರವೀಂದ್ರ ಹೊಸ್ತಿಲ ಮೇಲೆ ಬಲಗಾಲಿಟ್ಟ. ಎಡಗಾಲು ನೆಲ ಬಿಟ್ಟಿತು, ಗಾಳಿಯಲ್ಲಿ ನಿಂತಿತು, ಹಾಗೆಯೇ ಹಿಂದಕ್ಕೆ ಬಂತು.

“ಬಾರ್ಲಾ,” ಎಂದ ಗಯಾಜ್.

“ಬರಲ್ಲ,” ಎಂದ ರವೀಂದ್ರ.